ಹದಿಮೂರು ವರ್ಷದ ಖರೀದಿದಾರ

ಕಳೆದ ತಿಂಗಳು ನಾನು ತೀರಿಹೋದ ಹಿರಿಯರೊಬ್ಬರನ್ನು ಸುಳ್ಳುಗಾರರೆಂದು ಕರೆದೆ. ಅದೂ ಅವರೇ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಕುಳಿತು, ಅವರ ಮಗಳು ಮಾಡಿಕೊಟ್ಟ ಚಹಾ ಕುಡಿಯುತ್ತ.

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಚಾಳಿ ಗೊತ್ತು. ಶಾಸನಗಳ ಕಾಲನಿರ್ಣಯ ಮಾಡುವುದರಲ್ಲಿಯೇ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಮದುವೆಯ ಕರೆಯೋಲೆ ಬಂದರೂ ವಾರಕ್ಕೂ ತಾರೀಖಿಗೂ ಹೊಂದಿಕೆಯಾಗುತ್ತದೆಯೇ ಎಂದು ಪಂಚಾಂಗ ತೆಗೆದು ನೋಡುತ್ತೇನೆ. (ಎರಡು ಸಲ ಆಗಿರಲಿಲ್ಲ. ಆ ಎರಡೂ ಮನೆಯವರು ಈಗ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.) ಇಂಥವನು ತಾರೀಖಿನಲ್ಲಿಯೇ ಎಡವಿಬಿದ್ದ ಸಂಗತಿ ಇದು. ಕೈಹಿಡಿದು ಎಬ್ಬಿಸಿದವರು ಒಬ್ಬ ರಿಯಲ್ ಎಸ್ಟೇಟ್ ಏಜೆಂಟ್.

ನಗಬೇಡಿ. ಏಜೆಂಟ್ ಎಂದೊಡನೆ ನಾನೂ ನಗುತ್ತಿದ್ದೆ.

ನಮ್ಮ ವಾಸ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನನ್ನ ಹೆಂಡತಿ ವಿಮಲಾಳ ಮೊಣಕಾಲುಗಳು ಒಂದು ವರ್ಷದಿಂದ ಮೆಟ್ಟಿಲುಗಳ ವಿರುದ್ಧ ಮುಷ್ಕರ ಹೂಡಿವೆ. ತರಕಾರಿಗೆಂದು ಇಳಿದವಳು ಮರಳಿ ಹತ್ತುವ ಮುನ್ನ ಕೆಳಗಿನ ಕೋಚಿಂಗ್ ಸೆಂಟರಿನ ಕಟ್ಟೆಯ ಮೇಲೆ ಹತ್ತು ನಿಮಿಷ ಕೂಡಬೇಕು. ಅಲ್ಲಿನ ವಿದ್ಯಾರ್ಥಿಗಳು ಅವಳನ್ನು ಯಾರದೋ ಅಡ್ಮಿಶನ್ನಿಗೆ ಕಾಯುತ್ತಿರುವ ಅಜ್ಜಿ ಎಂದುಕೊಂಡಿದ್ದಾರೆ. ನೆಲಮಟ್ಟದಲ್ಲಿ ಒಂದು ಮನೆ ಬೇಕು. ಅವಳ ಬೇಡಿಕೆ ಇಷ್ಟೇ.

ಮೊದಲು ಸಿಕ್ಕ ಏಜೆಂಟ್ ಎಲ್ಲದಕ್ಕೂ "ಹಂಡ್ರೆಡ್ ಪರ್ಸೆಂಟ್ ಸರ್" ಎನ್ನುವ ಪೈಕಿ. ನೀರು ಬರುತ್ತದೆಯೇ? ಹಂಡ್ರೆಡ್ ಪರ್ಸೆಂಟ್. ಕಾಗದಪತ್ರ ಸರಿಯಾಗಿವೆಯೇ? ಹಂಡ್ರೆಡ್ ಪರ್ಸೆಂಟ್. ಜೀಡಿಮೆಟ್ಲಾ ಕಡೆಯ ಮನೆಯೊಂದರ ಫೋಟೋ ಕಳಿಸಿದ. ಕಿಟಕಿಯ ಹೊರಗೆ ಹಸಿರು ಹುಲ್ಲು, ತಿಳಿನೀಲಿ ಆಕಾಶ. ಹೋಗಿ ನೋಡಿದರೆ ಕಿಟಕಿಗೆ ಆತುಕೊಂಡಂತೆ ಒಂದು ಗೋದಾಮಿನ ಗೋಡೆ. ಕೇಳಿದ್ದಕ್ಕೆ, ಫೀಲ್ ಬರಲಿ ಎಂದು ಎಐ ಕೈಯಲ್ಲಿ ಮಾಡಿಸಿದ ಫೋಟೋ ಅದು ಎಂದ. ಗೋಡೆಗೂ ಒಂದು ಫೀಲ್ ಇರುತ್ತದೆ ಎಂದು ಅವನಿಗೆ ಯಾರು ಹೇಳಬೇಕು?

ಕಲ್ಪನಾ ಬಂದದ್ದು ಆಮೇಲೆ. ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಹೆಣ್ಣುಮಗಳು. ಮದುವೆಯಾಗಿ ಹೈದರಾಬಾದಿಗೆ ಬಂದವರು ಮೊದಲು ಒಂದು ಆಫೀಸಿನ ರಿಸೆಪ್ಶನ್ನಿನಲ್ಲಿ ಕೂಡುತ್ತಿದ್ದರು. ಈಗ ಸ್ಕೂಟರಿನ ಮೇಲೆ ಊರೆಲ್ಲ ಸುತ್ತಿ ಮನೆ ತೋರಿಸುತ್ತಾರೆ. ಬೇಗಂಪೇಟೆಯ ಒಂದು ಹಳೆಯ ಮನೆಯ ವಿಷಯ ಎತ್ತಿದವರು ಫೋಟೋ ತೋರಿಸುವ ಮೊದಲೇ ಕೈ ಅಡ್ಡ ಹಿಡಿದರು.

"ಮೊದಲ ಕೆಟ್ಟದ್ದು ಹೇಳಿಬಿಡತೀನ್ರಿ ಕಾಕಾ. ಸ್ಟೇಶನ್ ಹತ್ತರ ಐತಿ, ರೈಲಿನ ಸಪ್ಪಳ ಕೇಳಸತೈತಿ. ಹಿಂದಿನ ಗ್ವಾಡಿಗೆ ತೇವ ಐತಿ. ಮಳಿಗಾಲದಾಗ ಅಂಗಳದಾಗ ನೀರು ನಿಂದರತೈತಿ, ಒಂದು ತಾಸಿನಾಗ ಇಳೀತೈತಿ. ಇಷ್ಟು ಕೇಳಿದ ಮ್ಯಾಲೂ ಮನಸಿದ್ರ ಹೋಗೂಣು."

"ಒಂದು ತಾಸು ಅಂತ ಹೆಂಗ ಗೊತ್ತು?" ಎಂದೆ. ಪ್ರಮಾಣ ಕೇಳದೆ ಇರುವುದು ನನ್ನಿಂದಾಗದು.

"ಮೊನ್ನೆ ಮಳಿ ಬಂದಾಗ ಹೋಗಿ ನಿಂತಿದ್ನಿರಿ. ಗಡಿಯಾರ ನೋಡೇನಿ."

ವಿಮಲಾ ನನ್ನ ಮುಖ ನೋಡಿದಳು. "ನಿಮ್ಮ ತಂಗಿ ಎಲ್ಲೋ ಕಳದುಹೋಗಿದ್ಲು, ಈಗ ಸಿಕ್ಕಾಳ ನೋಡ್ರಿ" ಎಂದಳು.

ಅದೇ ದಿನ ಕಲ್ಪನಾ ಆ ಮನೆಯ ಜಾಹೀರಾತನ್ನೂ ಓದಿ ತೋರಿಸಿದರು. ಇಂಗ್ಲಿಷಿನಲ್ಲಿಯೂ ತೆಲುಗಿನಲ್ಲಿಯೂ ಎಐ ಬರೆದುಕೊಟ್ಟದ್ದು, ವಾಕ್ಯಗಳು ಸೊಗಸಾಗಿದ್ದವು. ಆದರೆ ನಡುನಡುವೆ ಇವರು ಅಡ್ಡಗೆರೆ ಎಳೆದಿದ್ದರು. 'ಪ್ರಶಾಂತ ವಾತಾವರಣ' ಹೋಗಿತ್ತು. 'ರಾಜವೈಭವ' ಹೋಗಿತ್ತು. "ರೈಲು ಹೋಗಾಕತ್ತಾಗ ಪ್ರಶಾಂತ ಎಲ್ಲಿಂದ ಬರಬೇಕ್ರಿ? ನಾ ಬೆರಳಿಟ್ಟು ತೋರಸಾಕ ಆಗದ ಮಾತು ನನ್ನ ಹೆಸರಿಲೆ ಹೋಗಬಾರದು. ಅದಕ್ಕೇನು, ಅದು ಬರದು ಕೊಡತೈತಿ. ಬಾಗಲದಾಗ ನಿಂತು ಬೈಸಿಕೊಳ್ಳಾಕಿ ನಾನು."

ನನ್ನ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಲು ಹೆಣಗಿದ ಸಂಶೋಧನ ವಿಧಾನವನ್ನು ಈಕೆ ನಾಲ್ಕು ವಾಕ್ಯಗಳಲ್ಲಿ ಮುಗಿಸಿದ್ದರು.

ಮನೆ ನೋಡಿದೆವು. ಬಾಗಿಲಿಗೆ ಎರಡೇ ಮೆಟ್ಟಿಲು. ಅಂಗಳದಲ್ಲಿ ಕರಿಬೇವಿನ ಗಿಡ. ವಿಮಲಾ ಅಡುಗೆಮನೆಗೆ ಹೋದವಳು ಹತ್ತು ನಿಮಿಷ ಹೊರಗೇ ಬರಲಿಲ್ಲ. ಅದರ ಅರ್ಥ ನನಗೆ ಗೊತ್ತು: ಇನ್ನು ಬೇರೆ ಮನೆ ತೋರಿಸುವ ಅಗತ್ಯವಿಲ್ಲ.

ಮನೆಯೊಡತಿ ಸುಶೀಲಾಬಾಯಿ, ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ. ಅವರ ತಂದೆ ರಾಯಚೂರು ಕಡೆಯಿಂದ ರೈಲ್ವೆ ಗುಮಾಸ್ತಿಕೆಗೆಂದು ಈ ಊರಿಗೆ ಬಂದವರು. ಜಾಗ ಕೊಂಡು ಮನೆ ಕಟ್ಟಿಸಿದವರೂ ಅವರೇ. ಸುಶೀಲಾಬಾಯಿ ಈಗ ಮನೆ ಮಾರಿ ಪುಣೆಯಲ್ಲಿರುವ ತಂಗಿಯ ಮನೆಯ ಪಕ್ಕದಲ್ಲಿ ನೆಲೆಸಬೇಕೆಂದಿದ್ದರು. "ಖರೀದಿ ಪತ್ರದಾಗ ನಮ್ಮಪ್ಪನ ಹೆಸರಿನ ಮುಂದ ರೈಲ್ವೆ ಗುಮಾಸ್ತ ಅಂತ ಬರದಾರ್ರಿ" ಎಂದು ಹೆಮ್ಮೆಯಿಂದ ಹೇಳಿ, ಎಲ್ಲ ಕಾಗದಗಳ ಜೆರಾಕ್ಸ್ ಪ್ರತಿಯ ಫೈಲನ್ನು ನನ್ನ ಕೈಗಿಟ್ಟರು.

ಈ ಊರಲ್ಲಿ ಮನೆ ಕೊಳ್ಳುವವರೆಲ್ಲ ಕೇಳುವುದು ಲಿಂಕ್ ಡಾಕ್ಯುಮೆಂಟ್. ಯಾರಿಂದ ಯಾರಿಗೆ ಜಾಗ ಬಂತು ಎಂಬ ಹಳೆಯ ಪತ್ರಗಳ ಸರಪಳಿ ಅದು. ಈ ಸರಪಳಿಯ ತುದಿಯ ಪತ್ರ, ಅಂದರೆ ತಂದೆಯವರ ಆ ಖರೀದಿ ಪತ್ರ, ಉರ್ದುವಿನಲ್ಲಿತ್ತು. ಉರ್ದು ನನಗೆ ಓದಲು ಬಾರದು. ಅಂಕಿಗಳು ಮಾತ್ರ ಬರುತ್ತವೆ. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ 1357 ಎಂದಿತ್ತು. ಅದೇ ಫೈಲಿನಲ್ಲಿ ತಂದೆಯವರ ಸರ್ವಿಸ್ ಬುಕ್ಕಿನ ಪ್ರತಿ; ಹುಟ್ಟಿದ ವರ್ಷ 1925.

ಇಸ್ಲಾಮೀ ಪಂಚಾಂಗದ ಹಿಜರಿ 1357 ಎಂದರೆ ಕ್ರಿಸ್ತಶಕ 1938. ಲೆಕ್ಕ ಮನಸ್ಸಿನಲ್ಲಿಯೇ ಆಯಿತು. ಆದರೂ ಎರಡನೆಯ ಸಾಕ್ಷಿ ಇರಲಿ ಎಂದು ಫೋನಿನಲ್ಲಿ ಎಐಯನ್ನು ಕೇಳಿದೆ: ಹಿಜರಿ 1357 ಕ್ರಿಸ್ತಶಕದ ಯಾವ ವರ್ಷ? 1938ರ ಮಾರ್ಚಿನಿಂದ 1939ರ ಫೆಬ್ರವರಿಯವರೆಗೆ, ಎಂದಿತು. ಸರಿಯಾದ ಉತ್ತರ. ಹಾಗಾದರೆ ಖರೀದಿ ಮಾಡಿದಾಗ ತಂದೆಯವರ ವಯಸ್ಸು ಹದಿಮೂರು!

ಹದಿಮೂರು ವರ್ಷದ ಬಾಲಕ ರೈಲ್ವೆ ಗುಮಾಸ್ತನಾಗಿ, ತನ್ನದೇ ಸಹಿ ಹಾಕಿ ಜಾಗ ಕೊಂಡನೇ?

ಒಪ್ಪಿಕೊಳ್ಳುತ್ತೇನೆ, ನನಗೆ ಖುಷಿಯಾಯಿತು. ಕೃತಕ ದಾಖಲೆಯೊಂದು ಕೈಗೆ ಸಿಕ್ಕಾಗ ಸಂಶೋಧಕನಿಗೆ ಆಗುವ ಆನಂದವನ್ನು ಬೇಟೆಗಾರರು ಮಾತ್ರ ಊಹಿಸಬಲ್ಲರು. ಮರುದಿನ ವಿಮಲಾಳನ್ನೂ ಕಲ್ಪನಾ ಅವರನ್ನೂ ಕರೆದುಕೊಂಡು ಬೇಗಂಪೇಟೆಗೆ ಹೋದೆ. ಚಹಾ ಬಂತು. ಎರಡು ಗುಟುಕು ಕುಡಿದು, ಪೀಠಿಕೆ ಹಾಕಿ, ಪ್ರಮಾಣ ಸಹಿತ ಹೇಳಿದೆ: ಈ ಪತ್ರ ನಕಲಿ, ನಿಮ್ಮ ತಂದೆಯವರು ಆಮೇಲೆಂದೋ ಹಿಂದಿನ ತಾರೀಖು ಹಾಕಿ ಬರೆಸಿಕೊಂಡಿರಬೇಕು.

ಹೊರಗೆ ಒಂದು ರೈಲು ದಾಟಿತು. ಅದು ಪೂರ್ತಿ ದಾಟುವವರೆಗೆ ಸುಶೀಲಾಬಾಯಿ ಕಾದರು.

"ನಮ್ಮಪ್ಪ ರೈಲ್ವೆ ಪಾಸ್ ಮನ್ಯಾಗ ಮರತು ಬಂದಾಗ ಟಿಕೆಟ್ ತಗೊಂಡು ತಮ್ಮ ಆಫೀಸಿಗೆ ತಾವು ಹೋದವರ್ರಿ" ಎಂದರು. "ನೀವು ಕಲತವರು. ನಿಮ್ಮ ಲೆಕ್ಕಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಅವರ ಮ್ಯಾಲೆ ಈ ಮಾತು ಇರೂತನಕ ನಾ ಈ ಮನಿ ಮಾರಂಗಿಲ್ಲ. ನಿಮಗಷ್ಟ ಅಲ್ಲ, ಯಾರಿಗೂ. ಪುಣೆಗೂ ಹೋಗಂಗಿಲ್ಲ."

ವಿಮಲಾ ಕಪ್ಪನ್ನು ಕೆಳಗಿಟ್ಟಳು. ಅದರಲ್ಲಿ ಚಹಾ ಇನ್ನೂ ಅರ್ಧವಿತ್ತು.

ನಾನು ಕಲ್ಪನಾ ಅವರತ್ತ ತಿರುಗಿದೆ. ಬೇರೆ ಯಾವ ಏಜೆಂಟ್ ಆಗಿದ್ದರೂ ಏನು ಮಾಡುತ್ತಿದ್ದ? ಮನೆಯೊಡತಿಯ ಪಕ್ಷ ಹಿಡಿದು ಹಂಡ್ರೆಡ್ ಪರ್ಸೆಂಟ್ ಎನ್ನುತ್ತಿದ್ದ. ಇಲ್ಲವೇ ನನ್ನ ಪಕ್ಷ ಹಿಡಿದು ಇನ್ನೊಂದು ಮನೆ ತೋರಿಸುತ್ತಿದ್ದ. ಈಕೆ ಎರಡನ್ನೂ ಮಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತು ಹೇಳಿದರು:

"ಕಾಕಾ ಹೇಳಿದ್ದು ತಪ್ಪು ಅಂತನೂ ನಾ ಅನ್ನಂಗಿಲ್ಲ, ಖರೇ ಅಂತನೂ ಅನ್ನಂಗಿಲ್ಲ. ನನಗ ಗೊತ್ತಿಲ್ಲ. ಗುರುವಾರ ನಾಲ್ಕಕ್ಕ ಹೇಳತೀನಿ."

'ಗೊತ್ತಿಲ್ಲ' ಎಂಬ ಮಾತನ್ನು ಅಷ್ಟು ಗಟ್ಟಿ ದನಿಯಲ್ಲಿ ಹೇಳಿದವರನ್ನು ನಾನು ವಿಚಾರಸಂಕಿರಣಗಳಲ್ಲಿ ಕಂಡಿಲ್ಲ. ಅಲ್ಲಿ ಗೊತ್ತಿಲ್ಲದವರು 'ಇದು ಚರ್ಚಾಸ್ಪದ' ಎನ್ನುತ್ತಾರೆ. (ನಾನೂ ಎಂದಿದ್ದೇನೆ.) ಆತ್ಮವಿಶ್ವಾಸವೆಂದರೆ ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರುವುದು ಎಂದು ನಾವು ಯಾವಾಗ ತೀರ್ಮಾನಿಸಿದೆವು? ಉತ್ತರವಿಲ್ಲದ ಕಡೆ ಒಂದು ದಿನವನ್ನೂ ಒಂದು ವೇಳೆಯನ್ನೂ ಗೊತ್ತುಮಾಡಿ, ಆ ವೇಳೆಗೆ ಬಂದು ನಿಲ್ಲುವುದು ಅದಕ್ಕಿಂತ ಕಠಿಣವಲ್ಲವೇ?

ಗುರುವಾರ ನಾಲ್ಕು ಗಂಟೆಗೆ ಎರಡು ನಿಮಿಷ ಇರುವಾಗ ನಮ್ಮ ಮನೆಯ ಬೆಲ್ ಆಯಿತು. ಮೂರು ಮಹಡಿ ಹತ್ತಿ ಬಂದ ಕಲ್ಪನಾ ನೀರು ಕುಡಿದು, ಚೀಲದಿಂದ ಆ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಹಾಸಿದರು.

ಅವರು ಮಾಡಿದ್ದನ್ನು ಅನುಕ್ರಮವಾಗಿ ಹೇಳುತ್ತೇನೆ. ಮೊದಲು ಪತ್ರದಲ್ಲಿ ತಾರೀಖಿನ ಸಾಲೊಂದನ್ನು ಬಿಟ್ಟು ಉಳಿದದ್ದರ ಮೇಲೆ ಕಾಗದದ ಪಟ್ಟಿಗಳನ್ನಿಟ್ಟು ಮುಚ್ಚಿದ್ದರು. ("ಮಂದೀ ಕಾಗದ ಐತ್ರಿ. ಬೇಕಾದಷ್ಟೇ ತೋರಸಬೇಕು.") ತಾರೀಖಿನ ಸಾಲಿನ ಫೋಟೋ ಮಾತ್ರ ತೆಗೆದು, ಓದಿ ಹೇಳು ಎಂದು ಎಐಗೆ ಕೊಟ್ಟಿದ್ದರು. ಅದು ಹಿಜರಿ 1357, ಅಂದರೆ 1938 ಎಂದು ನನ್ನಂತೆಯೇ ಹೇಳಿತ್ತು. ನಾನಾಗಿದ್ದರೆ ಅಲ್ಲಿಗೆ ಫೋನ್ ಕೆಳಗಿಡುತ್ತಿದ್ದೆ. ಇವರು ಪ್ರತಿ ಪದವನ್ನೂ ಬಿಡಿಬಿಡಿಯಾಗಿ ಬರೆದುಕೊಡು ಎಂದು ಕೇಳಿ, ಒಂದೊಂದು ಪದಕ್ಕೂ ಕಾಗದದ ಮೇಲೆ ಬೆರಳಿಡುತ್ತ ಹೋಗಿದ್ದರು.

"ಕಾಗದದ ಮ್ಯಾಲೆ ಒಂದು ಶಬ್ದ ಹೆಚ್ಚಿಗಿ ಉಳೀತ್ರಿ ಕಾಕಾ. ಇದು ನೋಡ್ರಿ, ಅಂಕಿ ಹಿಂದಿಂದು. ಎಐ ಇದನ್ನ ನುಂಗಿಬಿಟ್ಟಿತ್ತು. ಇದ್ಯಾಕ ಬಿಟ್ಟಿ ಅಂತ ಕೇಳಿದ್ರ, ಮಾಫಿ ಕೇಳಿ, ಬಹಮನ್ ಅಂತ ಕಾಣತೈತಿ, ಯಾರದರೆ ಹೆಸರಿರಬಹುದು ಅಂತು. 'ಇರಬಹುದು' ಅಂದ ಕೂಡ್ಲೆ ನಾ ಫೋನ್ ಬಂದ್ ಮಾಡಿ ಸ್ಕೂಟರ್ ತಗದೆ."

ಹೋದದ್ದು ಹಳೆ ನಗರಕ್ಕೆ. ಉರ್ದು ದಸ್ತಾವೇಜುಗಳನ್ನು ಓದಿ ಹೇಳುವ ವೃದ್ಧ ಮುನ್ಷಿಯೊಬ್ಬರ ಬಳಿಗೆ. ಅವರು ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ ನಕ್ಕರಂತೆ. "ಬಹಮನ್ ಹಿಜ್ರೀ ಮೇಂ ಕಾಂ ಸೇ ಆಯಾ ಬೇಟೀ? ಯೇ ತೋ ಫಸ್ಲೀ ಕಾ ಮಹೀನಾ ಹೈ." ಬಹಮನ್ ಹಿಜರಿಗೆ ಎಲ್ಲಿಂದ ಬಂತು, ಅದು ಫಸಲಿಯ ತಿಂಗಳಲ್ಲವೇ, ಎಂದು.

ಕಲ್ಪನಾ ಅಷ್ಟಕ್ಕೂ ನಿಲ್ಲಲಿಲ್ಲ. ಬೇಗಂಪೇಟೆಗೆ ಹೋಗಿ ಸುಶೀಲಾಬಾಯಿಯವರ ಟ್ರಂಕಿನಲ್ಲಿದ್ದ ಮೂಲ ಪತ್ರವನ್ನೇ ತೆಗೆಸಿದರು. ಜೆರಾಕ್ಸಿನಲ್ಲಿ ಮಡಿಕೆಯ ಕಪ್ಪುಗೆರೆ ಬಿದ್ದ ಜಾಗದಲ್ಲಿ, ಅಂಕಿಯ ಪಕ್ಕಕ್ಕೆ, ಫಸಲಿಯನ್ನು ಸೂಚಿಸುವ ಪುಟ್ಟ ಅಕ್ಷರ ಮೂಲದಲ್ಲಿ ಕಪ್ಪಗೆ, ಅಚ್ಚುಕಟ್ಟಾಗಿ ಕುಳಿತಿತ್ತು.

ತಿಳಿಯದವರಿಗಾಗಿ ಎರಡು ಮಾತು. ಫಸಲಿ ಎಂಬುದು ನಿಜಾಮರ ಆಡಳಿತದ ಕಚೇರಿಗಳಲ್ಲಿ ನಡೆಯುತ್ತಿದ್ದ ವರ್ಷಗಣನೆ. ಹಿಜರಿ ಚಾಂದ್ರಮಾನ, ಫಸಲಿ ಹಾಗಲ್ಲ, ಬೆಳೆಗೂ ಕಂದಾಯಕ್ಕೂ ಹೊಂದಿಕೊಂಡು ನಡೆಯುವಂಥದು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಇಲ್ಲಿ ವರ್ಷಾರಂಭ ಅಕ್ಟೋಬರಿನಲ್ಲಿ. ಬಹಮನ್ ಮೂರನೆಯ ತಿಂಗಳು. ಅಂದರೆ ಖರೀದಿ ನಡೆದದ್ದು 1947ರ ಡಿಸೆಂಬರಿನ ಸುಮಾರಿಗೆ. ('ಸುಮಾರಿಗೆ' ಎಂದು ಬರೆಯುವುದನ್ನು ಈಗೀಗ ಕಲಿಯುತ್ತಿದ್ದೇನೆ.) ಆಗ ತಂದೆಯವರಿಗೆ ಇಪ್ಪತ್ತೆರಡು. ನೌಕರಿಯಿದ್ದ, ಸಹಿ ಮಾಡಬಲ್ಲ, ಜಾಗ ಕೊಳ್ಳಬಲ್ಲ ತರುಣ.

ನನಗೆ ಫಸಲಿ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾಚಿಕೆಯಾಗುವುದು ಅದಕ್ಕೇ. ಒಬ್ಬ ವಿದ್ಯಾರ್ಥಿಯ ಪ್ರಬಂಧವನ್ನು ಇದೇ ತಪ್ಪಿಗಾಗಿ ಮರಳಿಸಿದ್ದೆ. ಉರ್ದು ಲಿಪಿ ಕಂಡೊಡನೆ ಹಿಜರಿ ಎಂದುಕೊಂಡೆ. ತಪ್ಪೊಂದು ಸಿಕ್ಕಂತೆ ಕಂಡೊಡನೆ ಮುಂದೆ ನೋಡುವುದನ್ನು ಬಿಟ್ಟೆ. ಇನ್ನು ನನ್ನ 'ಎರಡನೆಯ ಸಾಕ್ಷಿ'? ಹಿಜರಿ ಎಂಬ ಪದವನ್ನು ಪ್ರಶ್ನೆಯೊಳಗೆ ಇಟ್ಟು ಕೊಟ್ಟವನೇ ನಾನು. ಎಐ ನನ್ನ ಲೆಕ್ಕವನ್ನು ತಾಳೆ ನೋಡಲಿಲ್ಲ. ನನ್ನ ಊಹೆಯನ್ನೇ ಇಸ್ತ್ರಿ ಮಾಡಿ ಮರಳಿಸಿತು. ಸಾಕ್ಷಿಗೆ ಏನು ಹೇಳಬೇಕೆಂದು ಕಲಿಸಿ ಕೋರ್ಟಿಗೆ ಕರೆತಂದರೆ ಅದು ಸಾಕ್ಷಿಯೇ?

ಕಲ್ಪನಾ ಅವರಿಗೂ ಅದು ಮೊದಲು ಅದೇ ತಪ್ಪನ್ನು ಹೇಳಿತ್ತು ಎಂಬುದನ್ನು ಗಮನಿಸಿ. ಯಂತ್ರ ಒಂದೇ. ಬೆರಳು ಬೇರೆ.

"ಇಷ್ಟೆಲ್ಲಾ ನನಗ ಹೇಳಾಕ ಅಂಜಿಕಿ ಬರಲಿಲ್ಲೇನು?" ಎಂದು ಕೇಳಿದೆ. ನನ್ನ ಹೆಸರು ಕೇಳಿದರೆ ಪ್ರಾಧ್ಯಾಪಕರೂ ಅಡಿಟಿಪ್ಪಣಿಗಳನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದ ಕಾಲವಿತ್ತು.

ಕಲ್ಪನಾ ವಿಮಲಾಳ ಮುಖ ನೋಡಿದರು. ವಿಮಲಾ ಹೇಳು ಹೇಳು ಎಂಬಂತೆ ತಲೆಯಾಡಿಸಿದಳು.

"ಬಂದಿತ್ರಿ. ಸುಳ್ಳ್ಯಾಕ ಹೇಳ್ಲಿ? ಅದಕ್ಕ ನಿನ್ನೆ ಪ್ರಾಕ್ಟೀಸ್ ಮಾಡಿದ್ನಿ. ದೊಡ್ಡ ಗಿರಾಕಿ ಇದ್ದಾಗೆಲ್ಲಾ ಮಾಡತೀನ್ರಿ. ನೀ ಒಬ್ಬ ಜಗಳಗಂಟ ಗಿರಾಕಿ ಆಗು, ನನ್ನ ಮಾತು ಒಪ್ಪಬ್ಯಾಡ ಅಂತ ಎಐಗೆ ಹೇಳತೀನಿ. ಅದು ಬೈತೈತಿ, ನಾ ಉತ್ತರ ಕೊಡತೀನಿ. ಎಲ್ಲಿ ನನ್ನ ದನಿ ಸಣ್ಣಾಗತೈತಿ, ಅಲ್ಲಿ ನನಗ ವಿಷಯ ಗೊತ್ತಿಲ್ಲ ಅಂತ ತಿಳೀತೈತಿ. ಹೋಗಿ ತಿಳಕೊಂಡು ಬರತೀನಿ. ನಿನ್ನೆ, ನೀ ರಿಟೈರ್ ಆದ ಒಬ್ಬ ದೊಡ್ಡ ಸಂಶೋಧಕ, ನಿನ್ನ ತಪ್ಪು ನಿನಗ ತೋರಸಾಕತ್ತೀನಿ ಅಂತ ಹೇಳಿದ್ನಿ."

"ಹೌದಾ? ಹೆಂಗ ಮಾಡಿತು ನನ್ನ ಪಾರ್ಟು?"

"ಛಲೋ ಮಾಡಿತ್ರಿ. ಆದ್ರ ಲಗೂನ ಒಪ್ಪಿಕೊಂಡುಬಿಡ್ತು. ನೀವು ಅಷ್ಟು ಲಗೂ ಒಪ್ಪಂಗಿಲ್ಲ ಅಂತ ವಿಮಲಾ ಕಾಕು ಫೋನಿನಾಗ ಹೇಳಿದ್ರು. ಅದಕ್ಕ ಮತ್ತೊಮ್ಮೆ ಮಾಡಿಸಿದ್ನಿ."

ವಿಮಲಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಒಳಗಿನಿಂದ ಬಂದ ಸದ್ದು ಕೆಮ್ಮಿನದಲ್ಲ.

ಈಗ ಯೋಚಿಸಿದರೆ, ಈ ಹೆಣ್ಣುಮಗಳ ಧೈರ್ಯ ಹುಟ್ಟಿನಿಂದ ಬಂದದ್ದಲ್ಲ. ಮಳೆಯಲ್ಲಿ ನಿಂತು ಗಡಿಯಾರ ನೋಡಿದ್ದರಿಂದ, ದೋಷವನ್ನು ಮೊದಲೇ ಹೇಳಿ ಹಗುರಾಗಿದ್ದರಿಂದ ಬಂದದ್ದು. ಬಾಗಿಲ ಹಿಂದೆ ಬಚ್ಚಿಡುವುದು ಏನೂ ಇಲ್ಲದವರಿಗೆ ಬಾಗಿಲು ತೆರೆಯಲು ಹಿಂಜರಿಕೆ ಇರುವುದಿಲ್ಲ. ಈ ಊರಿನಲ್ಲಿ ಆತ್ಮವಿಶ್ವಾಸ ಬೆಳೆಸುವ ಕ್ಲಾಸುಗಳಿಗೆ ಕೊರತೆಯಿಲ್ಲ; ನಮ್ಮ ಬೀದಿಯಲ್ಲಿಯೇ ಎರಡಿವೆ. ಕನ್ನಡಿಯ ಮುಂದೆ ನಿಂತು 'ನಾನು ಗೆಲ್ಲುತ್ತೇನೆ' ಎಂದು ಹೇಳಿಸುತ್ತಾರಂತೆ. ಅಂಗಳದ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿ ಬಾ, ಎಂದು ಹೇಳುವ ಕ್ಲಾಸು ಯಾವುದಾದರೂ ಇದೆಯೇ?

ಉಳಿದದ್ದು ನನ್ನ ಕೆಲಸ. ಬೇಗಂಪೇಟೆಗೆ ಹೋಗಿ ಕ್ಷಮೆ ಕೇಳಬೇಕು. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡೆ. ಕಲ್ಪನಾ ಅದನ್ನು ಓದಿ ಮರಳಿ ಕೊಟ್ಟರು.

"ಇದರಾಗ ಮೂರು 'ಆದರೆ' ಅದಾವ್ರಿ ಕಾಕಾ. ತಗದುಬಿಡ್ರಿ."

ತೆಗೆದ ಮೇಲೆ ಉಳಿದದ್ದು ಒಂದೇ ಸಾಲು. ಅದೇ ಪಡಸಾಲೆಯಲ್ಲಿ, ಈ ಸಲ ನಿಂತುಕೊಂಡೇ, ಹೇಳಿದೆ: "ನಾ ತಪ್ಪು ಓದಿದೆ. ನಿಮ್ಮ ತಂದಿಯವರು ಖರೇ ಇದ್ದರು. ನನ್ನನ್ನ ಕ್ಷಮಿಸ್ರಿ."

ಸುಶೀಲಾಬಾಯಿ ಮೂಲ ಪತ್ರದ ಮೇಲೆ ಅಂಗೈ ಇಟ್ಟರು.

"ಅಪ್ಪ ಇದನ್ನ ದಸರಿಗೊಮ್ಮೆ ತಗದು ಬಿಸಲಿಗೆ ಹಿಡೀತಿದ್ರು. ಹುಳ ಹತ್ತಬಾರದು ಅಂತ" ಎಂದರು. ಕಣ್ಣು ಒರೆಸಿಕೊಂಡರು. ಆಮೇಲೆ ಶಿಕ್ಷಕಿಯ ದನಿ ಮರಳಿತು. "ಮನಿ ಕೊಡತೀನಿ. ನಿಮಗಲ್ಲ, ವಿಮಲಾಬಾಯರಿಗೆ. ಕಾಗದ ಅವರ ಹೆಸರಿಲೆ ಆಗಬೇಕು."

"ಆಗಲಿ" ಎಂದೆ. ವಿಮಲಾ ನನಗಿಂತ ಮೊದಲೇ ಎಂದಾಗಿತ್ತು. ಕಲ್ಪನಾ ಮಾತ್ರ, ಉಳಿದ ಪತ್ರಗಳನ್ನೆಲ್ಲ ವಕೀಲರು ನೋಡಿ ಒಪ್ಪುವವರೆಗೆ ಯಾರೂ ಪೇಢೆ ತರಬಾರದು ಎಂದು ತಡೆದರು. (ವಕೀಲರು ನೋಡಿದರು, ಒಪ್ಪಿದರು.)

"ಇನ್ನೊಂದು" ಎಂದರು ಸುಶೀಲಾಬಾಯಿ. "ಬಾಯಿಲೆ ಹೇಳಿದ್ದು ನಾ ಕೇಳೇನಿ, ನನ್ನ ತಂಗಿ ಕೇಳಿಲ್ಲ. ಬರದು ಕೊಡ್ರಿ."

ಅಲ್ಲೇ ಕುಳಿತು ಬರೆದೆ. ಪತ್ರವನ್ನು ನಾನು ಹೇಗೆ ತಪ್ಪಾಗಿ ಓದಿದೆ, ಸರಿಯಾದ ಓದು ಯಾವುದು, ಅದನ್ನು ಕಂಡುಹಿಡಿದವರು ಯಾರು, ಖರೀದಿದಾರರ ಪ್ರಾಮಾಣಿಕತೆಯಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಫಸಲಿ, ಹಿಜರಿ, ಶಾಲಿವಾಹನ ಶಕ, ಕ್ರಿಸ್ತಶಕ, ನಾಲ್ಕೂ ಲೆಕ್ಕಗಳನ್ನು ಒಂದೇ ಪುಟದಲ್ಲಿ ಹೊಂದಿಸಿದೆ. ಅಡಿಯಲ್ಲಿ ಸಹಿ ಮಾಡಿದೆ. ನಿವೃತ್ತಿಯ ನಂತರ ಅಷ್ಟು ಎಚ್ಚರದಿಂದ ನಾನು ಬರೆದ ಪುಟ ಇನ್ನೊಂದಿಲ್ಲ.

ಸುಶೀಲಾಬಾಯಿ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರಂತೆ ಸಾಲುಸಾಲಾಗಿ ಓದಿದರು. ಕೊನೆಗೆ ಪುಟವನ್ನು ನನ್ನತ್ತ ತಿರುಗಿಸಿ, ಸಹಿಯ ಕೆಳಗೆ ಬೆರಳಿಟ್ಟರು.

"ಎಲ್ಲಾ ಭಾಳ ಛಲೋ ಬರದೀರಿ. ಇವತ್ತಿನ ತಾರೀಖು ಎಲ್ರಿ?"